ಒಂದರಿಂದ ಐದೋ, ಆರರಿಂದ ಎಂಟೋ?

ಭತ್ತದ ದುಡ್ಡು ಕೈಗೆ ಬಂತೆಂದರೆ ಸಿಂಧನೂರಿನ ಮನೆಗಳಲ್ಲಿ ಫೀ ಲೆಕ್ಕ ಶುರುವಾಗುತ್ತದೆ. ಮಗನ ಕಾಲೇಜು, ಮಗಳ ಹಾಸ್ಟೆಲ್, ಟ್ಯೂಷನ್. ಈಗೀಗ ಆ ಲೆಕ್ಕದಲ್ಲಿ ಮನೆಯೊಡತಿಯ ಹೆಸರೂ ಸೇರುತ್ತಿದೆ. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬಂದವಳು ಮಕ್ಕಳನ್ನು ಸಾಲಿಗೆ ಹಚ್ಚಿದ ಮೇಲೆ, ವಯಸ್ಸು ಮೂವತ್ತೈದಾದ ಮೇಲೆ, ತಾನೂ ಟೀಚರ್ ಆಗಬೇಕು ಎನ್ನುತ್ತಾಳೆ. ಲಿಂಗಸುಗೂರಿನ ಕಾನ್ವೆಂಟುಗಳಲ್ಲಿ ತರಬೇತಿಯಿಲ್ಲದೆ ವರ್ಷಗಟ್ಟಲೆ ಪಾಠ ಮಾಡಿದವರಿದ್ದಾರೆ. ಮಸ್ಕಿ ಸುತ್ತಿನ ಹಳ್ಳಿಗಳ ಅಂಗನವಾಡಿಗಳಲ್ಲಿ ದುಡಿದು, ಅಕ್ಷರ ಕಲಿಸುವುದೇ ನನ್ನ ಕೆಲಸ ಎಂದು ಮನಗಂಡವರಿದ್ದಾರೆ. ಡಿಗ್ರಿ ಮಾಡಿ ಅಂಗಡಿ ಇಟ್ಟು, ಅದು ಕೈಕೊಟ್ಟ ಮೇಲೆ ಮತ್ತೆ ಪುಸ್ತಕ ಹಿಡಿದ ಗಂಡಸರೂ ಇದ್ದಾರೆ.

ಎಲ್ಲರ ಪ್ರಶ್ನೆಯೂ ಒಂದೇ: ಬಿ.ಇಡಿ ಮಾಡಲೋ, ಡಿ.ಇಡಿ ಮಾಡಲೋ? ಊರು ಕೊಡುವ ಉತ್ತರವೂ ಒಂದೇ. ‘ಯಕ್ಕಾ, ಬಿ.ಇಡಿ ದೊಡ್ಡದು. ಅದನ್ನ ಮಾಡಿಬಿಡ್ರಿ. ಸಣ್ಣ ಸಾಲಿಗೂ ನಡೀತದ, ಹೈಸ್ಕೂಲಿಗೂ ನಡೀತದ.’

ನಡೆಯುವುದಿಲ್ಲ. ಒಂದರಿಂದ ಐದನೇ ತರಗತಿಗೆ ಬಿ.ಇಡಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟ್ 11ರಂದು ಖಚಿತವಾಗಿ ಹೇಳಿತು. ಆ ಸುದ್ದಿ ಪತ್ರಿಕೆಗಳಲ್ಲಿ ಬಂತು, ಹೋಯಿತು. ನಮ್ಮ ಬಸ್‌ಸ್ಟ್ಯಾಂಡಿನ ಸಲಹೆ ಮಾತ್ರ ಬದಲಾಗಲಿಲ್ಲ. ಇಪ್ಪತ್ತೊಂದರ ಹುಡುಗಿಯೊಬ್ಬಳು ಈ ಸಲಹೆ ನಂಬಿ ಎರಡು ವರ್ಷ ಕಳೆದುಕೊಂಡರೆ ಹೇಗೋ ಸುಧಾರಿಸಿಕೊಂಡಾಳು. ಮೂವತ್ತೇಳರ ಹೆಂಗಸಿಗೆ ಆ ಎರಡು ವರ್ಷ ಮರಳಿ ಸಿಗುವುದಿಲ್ಲ. ಈ ಲೇಖನ ಅವಳಿಗಾಗಿ.

ಈ ಗೊಂದಲ ಹುಟ್ಟಿದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಒಂದು ಕಾಲಕ್ಕೆ ನಮ್ಮಲ್ಲಿ ದಾರಿ ನೇರವಾಗಿತ್ತು. ಪಿಯುಸಿ ಆದ ಮೇಲೆ ಎರಡು ವರ್ಷದ ಟಿಸಿಎಚ್, ಆಮೇಲೆ ಅಂಕಗಳ ಮೇಲೆ ನೇಮಕಾತಿ. 1990ರ ದಶಕದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ನಡೆದ ದೊಡ್ಡ ನೇಮಕಾತಿಯನ್ನು ಇಂದಿಗೂ ಹಳೆಯ ಮಾಸ್ತರರು ನೆನೆಯುತ್ತಾರೆ. ವಶೀಲಿಯಿಲ್ಲದೆ ನೌಕರಿ ಸಿಕ್ಕ ಕಾಲ ಅದು. ಟಿಸಿಎಚ್ ಮುಂದೆ ಡಿ.ಇಡಿ ಆಯಿತು, ಈಗ ಕಾಗದದಲ್ಲಿ ಡಿ.ಎಲ್.ಇಡಿ. ಜನ ಇನ್ನೂ ಡಿ.ಇಡಿ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಶಿಕ್ಷಕರ ಕನಿಷ್ಠ ಅರ್ಹತೆಯನ್ನು ಗೊತ್ತುಮಾಡಿತು. ಒಂದರಿಂದ ಐದಕ್ಕೆ ಒಂದು ಅರ್ಹತೆ, ಆರರಿಂದ ಎಂಟಕ್ಕೆ ಇನ್ನೊಂದು. ಎರಡಕ್ಕೂ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಕಡ್ಡಾಯ. ಇಷ್ಟರಲ್ಲೇ ನಿಂತಿದ್ದರೆ ಗೊಂದಲವೇ ಇರುತ್ತಿರಲಿಲ್ಲ. 2018ರ ಜೂನ್ 28ರಂದು ಅದೇ ಪರಿಷತ್ತು ಬಿ.ಇಡಿ ಆದವರೂ ಒಂದರಿಂದ ಐದಕ್ಕೆ ಬರಬಹುದು, ನೌಕರಿ ಸಿಕ್ಕ ಎರಡು ವರ್ಷದೊಳಗೆ ಆರು ತಿಂಗಳ ಸೇತುಬಂಧ ಕೋರ್ಸು ಮುಗಿಸಿದರೆ ಸಾಕು ಎಂದಿತು. ಬಿ.ಇಡಿ ಎಲ್ಲದಕ್ಕೂ ನಡೆಯುತ್ತದೆ ಎಂಬ ಮಾತಿಗೆ ಬಲ ಬಂದದ್ದು ಆಗ. ರಾಜಸ್ಥಾನ ಹೈಕೋರ್ಟು 2021ರಲ್ಲಿ ಆ ಅಧಿಸೂಚನೆಯನ್ನು ರದ್ದುಮಾಡಿತು. 2023ರಲ್ಲಿ ದೇವೇಶ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅನಿರುದ್ಧ ಬೋಸ್ ಮತ್ತು ಸುಧಾಂಶು ಧೂಲಿಯಾ ಅವರ ಪೀಠ ಆ ತೀರ್ಪನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ಈ ತೀರ್ಪಿಗೂ ಮುಂಚೆ ನೇಮಕಗೊಂಡವರ ನೌಕರಿಗೆ ಧಕ್ಕೆಯಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಸ್ಪಷ್ಟನೆಯೂ ಬಂತು. ಹೊಸದಾಗಿ ಬರುವವರಿಗೆ ಬಾಗಿಲು ಮುಚ್ಚಿದೆ.

ಆ ತೀರ್ಪಿನ ಒಳಗಿರುವ ಕಾರಣ ನನಗೆ ಬಹಳ ಮುಖ್ಯವೆನಿಸುತ್ತದೆ. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯದೇ ವಿದ್ಯೆ, ಬಿ.ಇಡಿ ತರಬೇತಿ ಅದಕ್ಕಾಗಿ ರೂಪುಗೊಂಡಿಲ್ಲ ಎಂದು ನ್ಯಾಯಾಲಯ ಹೇಳಿತು. ಹೈಸ್ಕೂಲಿನ ಶಿಕ್ಷಕ ಒಂದು ವಿಷಯವನ್ನು ಹಿಡಿದು ಪಾಠ ಮಾಡುತ್ತಾನೆ. ಒಂದನೇ ತರಗತಿಯ ಟೀಚರಿಗೆ ವಿಷಯವೆಂಬುದೇ ಇಲ್ಲ, ಮಗುವೇ ವಿಷಯ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯವಿಡೀ ಹಬ್ಬಿದ ನಲಿ–ಕಲಿಯನ್ನು ನೋಡಿದವರಿಗೆ ಇದು ಗೊತ್ತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗುಂಪಾಗಿ ಕುಳಿತಿರುತ್ತಾರೆ. ಒಬ್ಬಳು ಕಾರ್ಡು ಹಿಡಿದು ಅಕ್ಷರ ತಿದ್ದುತ್ತಿದ್ದರೆ ಪಕ್ಕದವನು ಕಲ್ಲು ಎಣಿಸುತ್ತಿರುತ್ತಾನೆ. ಟೀಚರು ಇಡೀ ದಿನ ನೆಲದ ಮೇಲೆ ಕುಳಿತು ಆ ಗುಂಪಿನಿಂದ ಈ ಗುಂಪಿಗೆ ಸರಿಯುತ್ತಿರುತ್ತಾಳೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಆ ಕೋಣೆ ಇನ್ನಷ್ಟು ಕಷ್ಟದ್ದು. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಜೊತೆ ಬಂದು ನೆಲೆಸಿದ ಕ್ಯಾಂಪುಗಳ ಮನೆಮಾತು ತೆಲುಗು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ. ಲಿಂಗಸುಗೂರು, ಮಸ್ಕಿಯ ತಾಂಡಾಗಳಲ್ಲಿ ಲಂಬಾಣಿ, ಮುದಗಲ್ಲಿನ ಓಣಿಗಳಲ್ಲಿ ಉರ್ದು. ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸಕ್ಕೆ ನಾನಾ ಕಡೆಯಿಂದ ಬಂದವರ ಮಕ್ಕಳು. ಒಣಬೇಸಾಯದ ಊರುಗಳಲ್ಲಿ ಅಪ್ಪ ಅವ್ವ ಗುಳೆ ಹೊರಟರೆ ಮಗುವೂ ಹೊರಡುತ್ತದೆ, ಮರಳಿ ಬಂದಾಗ ತರಗತಿ ಮುಂದೆ ಹೋಗಿರುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ, ಹೆಂಗಸರಲ್ಲಿ ಅರ್ಧದಷ್ಟೂ ಇರಲಿಲ್ಲ. ಅಂದರೆ ಮನೆಯಲ್ಲಿ ಕೈಹಿಡಿದು ತಿದ್ದಿಸುವವರಿಲ್ಲದ ಮಕ್ಕಳೇ ಹೆಚ್ಚು. ಅವರಿಗೆ ಶಾಲೆಯ ಮೊದಲ ಮೂರು ವರ್ಷ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಆದ್ದರಿಂದಲೇ ನಾನು ಹೇಳುವುದು: ಈ ಕೋಣೆಗೆ ಬೇಕಾದವರು, ಇಲ್ಲೇ ಬಾಳಿ ಬದುಕಿ, ಓಣಿಯ ಮಾತು ಬಲ್ಲ, ಮಕ್ಕಳನ್ನು ಸಾಕಿ ಬಲ್ಲ ಈ ಹಿರಿಯ ವಿದ್ಯಾರ್ಥಿನಿಯರೇ. ತಾಂಡಾದ ಮಗು ಲಂಬಾಣಿಯಲ್ಲಿ ನೀರು ಕೇಳಿದರೆ ಅರ್ಥವಾಗುವ ಟೀಚರು, ದೂರದ ಜಿಲ್ಲೆಯಿಂದ ಬಂದು ವರ್ಗಾವಣೆಯ ದಿನ ಎಣಿಸುವ ಟೀಚರಿಗಿಂತ ಆ ಮಗುವಿಗೆ ಎಷ್ಟೋ ಪಾಲು ಮೇಲು. ಹಾಗಿರುವಾಗ ಇಂಥವರನ್ನು ತಪ್ಪು ಕೋರ್ಸಿಗೆ ಕಳಿಸುವುದು ಅವರಿಗಷ್ಟೇ ನಷ್ಟವಲ್ಲ.

ಈಗ ದಾರಿಯ ವಿಚಾರ. ಡಿಗ್ರಿಯ ಜೊತೆ ಡಿ.ಇಡಿ ಇದ್ದರೆ ಒಂದರಿಂದ ಎಂಟನೇ ತರಗತಿವರೆಗೆ ಬಾಗಿಲು ತೆರೆಯುತ್ತದೆ. ಡಿಗ್ರಿಯ ಜೊತೆ ಬಿ.ಇಡಿ ಇದ್ದರೆ ಆರರಿಂದ ಹತ್ತರವರೆಗೆ. ಡಿಗ್ರಿ ಇಲ್ಲದೆ ಪಿಯುಸಿ ಮೇಲೆ ಡಿ.ಇಡಿ ಮಾಡಿದರೆ ಒಂದರಿಂದ ಐದಕ್ಕೆ ಮಾತ್ರ. ಬಿ.ಇಡಿಯೂ ಎರಡು ವರ್ಷ, ಡಿ.ಇಡಿಯೂ ಎರಡು ವರ್ಷ. ಬಿ.ಇಡಿ ಒಂದೇ ವರ್ಷದ್ದಾಗಿದ್ದ ಕಾಲ 2015ಕ್ಕೆ ಮುಗಿಯಿತು. ಹಾಗಾಗಿ ಡಿಗ್ರಿ ಆದವರ ಮುಂದಿರುವ ನಿಜವಾದ ಪ್ರಶ್ನೆ ಯಾವ ಕೋರ್ಸು ದೊಡ್ಡದು ಎಂಬುದಲ್ಲ. ಯಾವ ವಯಸ್ಸಿನ ಮಕ್ಕಳ ಜೊತೆ ಮುಂದಿನ ಇಪ್ಪತ್ತು ವರ್ಷ ಕಳೆಯಬೇಕು ಎಂಬುದು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಮನೆಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಬಿ.ಇಡಿ ಮಾಡಿಬಿಡುತ್ತೇನೆ ಎಂದು ಎಷ್ಟೋ ಜನ ಲೆಕ್ಕ ಹಾಕಿರುತ್ತಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇಗ್ನೊವೂ ಬಿ.ಇಡಿ ನಡೆಸುತ್ತವೆ, ನಿಜ. ಆದರೆ ಎನ್‌ಸಿಟಿಇಯ 2014ರ ನಿಯಮಗಳಂತೆ ಅದು ಈಗಾಗಲೇ ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಕೆಲಸದಲ್ಲಿರುವವರಿಗೆ, ಇಲ್ಲವೆ ಕಾಲೇಜಿಗೆ ಹೋಗಿ ಡಿ.ಇಡಿಯಂಥ ತರಬೇತಿ ಮುಗಿಸಿದವರಿಗೆ ಮಾತ್ರ. ಬರೀ ಬಿ.ಎ ಇಟ್ಟುಕೊಂಡವರಿಗೆ ಅಲ್ಲಿ ಪ್ರವೇಶವಿಲ್ಲ. ಅಂದರೆ ಡಿ.ಇಡಿ ಮಾಡಿದವಳಿಗೆ ಮುಂದೊಂದು ದಿನ ಮನೆಯಿಂದಲೇ ಬಿ.ಇಡಿ ಸಿಗುತ್ತದೆ; ಬಿ.ಇಡಿ ಮಾಡಿದವಳು ಸಣ್ಣ ಸಾಲಿಗೆ ಬರಬೇಕೆಂದರೆ ಮತ್ತೆ ಎರಡು ವರ್ಷ ಕಾಲೇಜಿಗೆ ಹೋಗಿ ಕೂಡಬೇಕು. ಪಿಯುಸಿ ಮುಗಿಸಿ ನಿಂತವರಿಗಂತೂ ಇದು ದಾರಿಯನ್ನೇ ತೋರಿಸುತ್ತದೆ: ಮೊದಲು ಡಿ.ಇಡಿ, ಆಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ, ಬೇಕೆನಿಸಿದರೆ ಬಿ.ಇಡಿ. ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂತೆಗೆದುಕೊಂಡು 2018ರಲ್ಲಿ ಮರಳಿ ಕೊಟ್ಟಿತು. ಆ ಆಸುಪಾಸಿನ ವರ್ಷಗಳ ಪದವಿ ಕೈಯಲ್ಲಿದ್ದವರು ಅದರ ಸಿಂಧುತ್ವವನ್ನು ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಡಿ.ಇಡಿ ವಿರುದ್ಧದ ಬಲವಾದ ಮಾತನ್ನೂ ಹೇಳಲೇಬೇಕು. ಕರ್ನಾಟಕದಲ್ಲಿ ಈಚಿನ ದೊಡ್ಡ ನೇಮಕಾತಿಗಳು ನಡೆದದ್ದು ಆರರಿಂದ ಎಂಟಕ್ಕೆ, ಜಿಪಿಟಿ ಎಂದು ಕರೆಯುವ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ. 2022ರಲ್ಲಿ ಒಟ್ಟು 15,000 ಹುದ್ದೆ, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಒಂದರಿಂದ ಐದರ ನೇಮಕಾತಿಗೆ ಕಾದು ಕಾದು ಸೋತ ಡಿ.ಇಡಿಯವರು ಪ್ರತಿ ಊರಲ್ಲೂ ಇದ್ದಾರೆ, ಹುಡುಗರಿಲ್ಲದೆ ಡಿ.ಇಡಿ ಕಾಲೇಜುಗಳು ಸಾಲುಸಾಲಾಗಿ ಮುಚ್ಚಿದವು. ಇದನ್ನು ನೋಡಿದವರು ‘ಡಿ.ಇಡಿ ಮಾಡಿ ಏನು ಬಂತು’ ಎಂದರೆ ಅವರ ನೋವು ಸುಳ್ಳಲ್ಲ. ಆದರೆ ಜಿಪಿಟಿಗೆ ಡಿಗ್ರಿಯ ಜೊತೆ ಡಿ.ಇಡಿಯೂ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಡಿ.ಇಡಿ ಒಂದನ್ನೇ ನೆಚ್ಚಿಕೊಂಡವರು ಸೋತರು, ಡಿ.ಇಡಿ ಮತ್ತು ಸರಿಯಾದ ಡಿಗ್ರಿ ಎರಡೂ ಇದ್ದವರಿಗೆ ಎರಡು ಬಾಗಿಲಿದ್ದವು.

ಸರಿಯಾದ ಡಿಗ್ರಿ ಎಂದೆ. 2022ರ ಆ 15,000ದಲ್ಲಿ ಗಣಿತ–ವಿಜ್ಞಾನಕ್ಕೆ 6,500, ಜೀವವಿಜ್ಞಾನಕ್ಕೆ 2,000 ಹುದ್ದೆಗಳಿದ್ದವು. ಸಮಾಜ ವಿಜ್ಞಾನಕ್ಕೆ 4,693, ಇಂಗ್ಲಿಷಿಗೆ 1,807. ನಮ್ಮ ಭಾಗದ ಹಿರಿಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಕಲಾ ವಿಭಾಗದವರು. ಅಂಥವರು ಬಿ.ಎ ಸೇರುವಾಗ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳದಂಥ ವಿಷಯಗಳನ್ನು ಐಚ್ಛಿಕವಾಗಿ ತೆಗೆದುಕೊಳ್ಳದೆ, ಸುಲಭವೆಂದು ಬೇರೇನನ್ನೋ ಆರಿಸಿಕೊಂಡರೆ ಡಿಗ್ರಿ ಇದ್ದೂ ಅರ್ಜಿ ಹಾಕಲಾಗುವುದಿಲ್ಲ. ಪ್ರವೇಶದ ಅರ್ಜಿ ತುಂಬುವ ಮುಂಚೆಯೇ ಹಿಂದಿನ ಜಿಪಿಟಿ ಅಧಿಸೂಚನೆಯ ವಿಷಯಗಳ ಪಟ್ಟಿಯನ್ನು ಓದಿಕೊಳ್ಳಬೇಕು. ಬಿ.ಎಸ್ಸಿ ಆದ ಗೃಹಿಣಿಯರು ಈ ಊರುಗಳಲ್ಲಿ ಕಡಿಮೆ. ಇದ್ದವರು ತಮ್ಮ ಕೈಯಲ್ಲಿರುವುದರ ಬೆಲೆ ತಿಳಿಯಬೇಕು. ಗಣಿತ ಚೆನ್ನಾಗಿ ಬಲ್ಲ, ದೊಡ್ಡ ಮಕ್ಕಳಿಗೆ ಪಾಠ ಮಾಡುವ ಮನಸ್ಸಿರುವ ಬಿ.ಎಸ್ಸಿಯವರಿಗೆ ನಾನು ಬಿ.ಇಡಿಯನ್ನೇ ಹೇಳುತ್ತೇನೆ, ಅನುಮಾನವಿಲ್ಲದೆ.

ಡಿ.ಇಡಿಯ ಹೊಸ್ತಿಲಲ್ಲೇ ಒಂದು ತೊಡಕಿದೆ. ಅಲ್ಲಿ ಪ್ರವೇಶಕ್ಕೆ ನೋಡುವುದು ಪಿಯುಸಿ ಅಂಕ: ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಸಡಿಲಿಕೆ. ಹದಿನೇಳರ ವಯಸ್ಸಿನಲ್ಲಿ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಬರೆದ ಪರೀಕ್ಷೆಯಲ್ಲಿ ಶೇ 46 ಬಂದಿದ್ದರೆ, ಮುಂದೆ ಬಿ.ಎಯಲ್ಲಿ ಶೇ 65 ತೆಗೆದರೂ ಆ ಪಿಯುಸಿ ಕಾರ್ಡು ಅಡ್ಡ ನಿಲ್ಲುತ್ತದೆ. ಇದು ಅನ್ಯಾಯದ ನಿಯಮವೆಂದೇ ನನ್ನ ಭಾವನೆ. ಡಿಗ್ರಿ ಆದವರಿಗೆ ಡಿಗ್ರಿಯ ಅಂಕವನ್ನೇ ನೋಡಬೇಕು. ನಿಯಮ ಬದಲಾಗುವ ತನಕ ಇರುವ ಒಂದು ದಾರಿಯೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ, ಎನ್‌ಐಒಎಸ್‌ನ, ಹನ್ನೆರಡನೇ ತರಗತಿಯನ್ನು ಹೊಸದಾಗಿ ಬರೆಯುವುದು. ಒಂದು ವರ್ಷ ಹೆಚ್ಚು ಹಿಡಿಯುತ್ತದೆ. ಹೀಗೆ ಬರೆಯುವ ಮುಂಚೆ ಆ ಅಂಕಪಟ್ಟಿಯನ್ನು ಒಪ್ಪುತ್ತಾರೆಯೇ ಎಂದು ಪ್ರವೇಶ ನಡೆಸುವ ಇಲಾಖೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ. ಎನ್‌ಐಒಎಸ್ ಹೆಸರಿನಲ್ಲಿ 2017ರಿಂದ 2019ರವರೆಗೆ ನಡೆದ ಹದಿನೆಂಟು ತಿಂಗಳ ಡಿ.ಎಲ್.ಇಡಿ ಬೇರೆ ವಿಷಯ. ಅದು ಆಗ ಕೆಲಸದಲ್ಲಿದ್ದ ತರಬೇತಿಯಿಲ್ಲದ ಶಿಕ್ಷಕರಿಗಾಗಿ ಒಂದು ಬಾರಿ ಮಾಡಿದ ಏರ್ಪಾಡು, ಈಗ ಇಲ್ಲ. ಯಾರಾದರೂ ಅದರ ಹೆಸರು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ.

ದುಡ್ಡಿನ ಮಾತು ಬಂತು. ‘ನೀವು ಬರದಿದ್ರೂ ನಡೀತದ, ಹಾಜರಿ ನಾವು ನೋಡ್ಕೋತೀವಿ’ ಎಂದು ಫೀ ಹೇಳುವ ಕಾಲೇಜುಗಳು ರಾಜ್ಯದಲ್ಲಿ ಇವೆ, ನಮ್ಮ ಕಡೆಯೂ ಅಂಥ ಮಾತು ಕೇಳಿಬರುತ್ತದೆ. ಮನೆ, ಹೊಲ, ಮಕ್ಕಳು ಎಂದು ಒದ್ದಾಡುವವಳಿಗೆ ಅದು ವರವೆನಿಸಬಹುದು. ವರವಲ್ಲ. ನಿಯಮದಂತೆ ವರ್ಷಕ್ಕೆ 200 ಕೆಲಸದ ದಿನಗಳು, ವಾರಕ್ಕೆ 36 ಗಂಟೆ, ತರಗತಿಗೆ ಶೇ 80 ಮತ್ತು ಶಾಲಾ ಅಭ್ಯಾಸಕ್ಕೆ ಶೇ 90 ಹಾಜರಾತಿ. ಈ ನಿಯಮ ಬಿಗಿಯಾಗಿರುವುದಕ್ಕೆ ಕಾರಣವಿದೆ: ಕಲಿಸುವುದನ್ನು ಮಕ್ಕಳ ಮುಂದೆ ನಿಂತೇ ಕಲಿಯಬೇಕು. ಹೋಗದೆ ಪಡೆದ ಸರ್ಟಿಫಿಕೇಟು ಟಿಇಟಿಯಲ್ಲಿ ಸೋಲಿಸುತ್ತದೆ. ಟಿಇಟಿಯಲ್ಲಿ ಗೆದ್ದರೂ ಆಮೇಲೆ ಮೂವತ್ತು ಮಕ್ಕಳೆದುರು ಸೋಲಿಸುತ್ತದೆ. ಆ ಮಕ್ಕಳು ನಮ್ಮವೇ.

ಹಾಗಾದರೆ ದಿನಾ ಹೋಗುವುದು ಹೇಗೆ? ಸರ್ಕಾರದ್ದೇ ಆದ ಜಿಲ್ಲಾ ತರಬೇತಿ ಸಂಸ್ಥೆ, ಡಯಟ್, ಇರುವುದು ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಎಂಬತ್ತು ತೊಂಬತ್ತು ಕಿಲೋಮೀಟರ್. ಅಡುಗೆ ಮುಗಿಸಿ, ಮಕ್ಕಳನ್ನು ಕಳಿಸಿ, ಬಸ್ಸು ಹಿಡಿದು ಹತ್ತಕ್ಕೆ ಅಲ್ಲಿರುವುದು ಆಗದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜು ಇಲ್ಲ. ಅದರಿಂದ ಮಸ್ಕಿಯವಳು ಸಿಂಧನೂರಿಗೋ ಲಿಂಗಸುಗೂರಿಗೋ ಹೋಗಿಬರುವುದು ಸಾಧ್ಯವಾಗಿದೆ. ಒಂದು ತಿಂಗಳಿಗೆ ಉಳಿಯುವ ಆ ದುಡ್ಡು ಓದುವವಳ ಪಾಲಿಗೆ ಸಣ್ಣದಲ್ಲ. ಆದರೆ ರಾಯಚೂರಿನ ದೂರವನ್ನು ಪುಕ್ಕಟೆ ಟಿಕೇಟು ಕಡಿಮೆ ಮಾಡುವುದಿಲ್ಲ. ಲಿಂಗಸುಗೂರು ಉಪವಿಭಾಗಕ್ಕೆ ಡಯಟ್‌ನ ಒಂದು ಶಾಖೆ ಬೇಕು. ಹಿರಿಯ ವಿದ್ಯಾರ್ಥಿನಿಯರಿಗೆ ಹೊಂದುವ ವೇಳೆ, ಪಕ್ಕದಲ್ಲೇ ಒಂದು ಅಂಗನವಾಡಿ. ಇದು ದೊಡ್ಡ ಬೇಡಿಕೆಯಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ ಬಗ್ಗೆಯೂ ಕೆಲವರು ಕೇಳುತ್ತಾರೆ. 2030ರ ಹೊತ್ತಿಗೆ ಅದೇ ಕನಿಷ್ಠ ಅರ್ಹತೆಯಾಗಬೇಕೆಂದು 2020ರ ನೀತಿಯ ಆಶಯ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಅದು ಶುರುವಾಗಿದೆ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಒಳ್ಳೆಯದು. ಸಂಸಾರವಿರುವ ಸಿಂಧನೂರಿನ ಹೆಂಗಸಿಗೆ ನಾಲ್ಕು ವರ್ಷ ಮೈಸೂರಿನಲ್ಲಿರುವುದು ದಾರಿಯಲ್ಲ.

ತರಬೇತಿ ಮುಗಿದ ಮೇಲೆ ಟಿಇಟಿ. 150 ಅಂಕದ ಪತ್ರಿಕೆ, ಸಾಮಾನ್ಯ ವರ್ಗಕ್ಕೆ ಶೇ 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಪತ್ರಿಕೆಯಲ್ಲಿ ಶಿಶು ವಿಕಾಸ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೂ 30. ವಯಸ್ಸಾದ ಮೇಲೆ ಓದುವವರು ಹೆದರುವುದು ಗಣಿತಕ್ಕೆ ಮತ್ತು ಇಂಗ್ಲಿಷಿಗೆ. ಮನೆಯಲ್ಲಿ ಮಗನಿಗೋ ಮಗಳಿಗೋ ಐದು, ಆರನೇ ತರಗತಿಯ ಲೆಕ್ಕ ಹೇಳಿಕೊಡುತ್ತಿದ್ದರೆ ಅದೇ ತಯಾರಿ. ಶಾಲೆಯ ಪಠ್ಯಪುಸ್ತಕ ಬಿಟ್ಟು ಗೈಡ್ ಹಿಡಿಯುವುದು ಬೇಡ. ಒಮ್ಮೆ ಪಾಸಾದರೆ ಈಗ ಜೀವನಪರ್ಯಂತ ಸಿಂಧು. ಏಳು ವರ್ಷದ ಮಿತಿ 2021ರಲ್ಲಿ ಹೋಯಿತು. ಕೆಲಸದಲ್ಲಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಖಾಸಗಿ ಶಾಲೆಗಳಲ್ಲಿಯೂ ಇದರ ಬೆಲೆ ಏರಿದೆ.

ಕಾಗದಪತ್ರದ ವಿಷಯವನ್ನು ಮದುವೆಯಾದ ಹೆಣ್ಣುಮಕ್ಕಳು ಲಘುವಾಗಿ ತೆಗೆದುಕೊಳ್ಳಬಾರದು. 2022ರ ನೇಮಕಾತಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲೋ ಎಂಬ ತಕರಾರು ಹೈಕೋರ್ಟಿಗೆ ಹೋಗಿ, ಆಯ್ಕೆಯಾದ ಸಾವಿರಾರು ಜನ 2023ರ ಅಕ್ಟೋಬರ್ ತನಕ ಆದೇಶಕ್ಕಾಗಿ ಕಾಯಬೇಕಾಯಿತು. ಅಧಿಸೂಚನೆಯಲ್ಲಿ ಯಾವ ನಮೂನೆ ಕೇಳಿದ್ದಾರೋ ಅದನ್ನು ಅಕ್ಷರ ಬಿಡದೆ ಓದಬೇಕು. ಅದರಷ್ಟೇ ಮುಖ್ಯವಾದದ್ದು ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ. ಅದರಡಿ ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಅದನ್ನು ಕೊಡುವವರು ಲಿಂಗಸುಗೂರಿನ ಉಪವಿಭಾಗಾಧಿಕಾರಿ, ಅಂದರೆ ಎಸಿ, ಆಫೀಸಿನವರು. ಇಳಕಲ್, ಹುನಗುಂದದ ಕಡೆಯಿಂದ ಮದುವೆಯಾಗಿ ಬಂದವರ ತವರು ಕಲ್ಯಾಣ ಕರ್ನಾಟಕದ ಹೊರಗಿದೆ. ಅಂಥವರು ಕೋರ್ಸು ಸೇರುವ ಮುಂಚೆಯೇ ತಮಗೆ ಆ ಪ್ರಮಾಣಪತ್ರ ಸಿಗುತ್ತದೆಯೇ ಎಂದು ವಿಚಾರಿಸಬೇಕು.

ವಯಸ್ಸಿನ ಮಿತಿ ಕೊನೆಯ ಮಾತು, ಎಲ್ಲಕ್ಕಿಂತ ಭಾರವಾದದ್ದು. ನಲವತ್ತರ ಆಸುಪಾಸಿನಲ್ಲಿ ಸರ್ಕಾರಿ ಬಾಗಿಲು ಮುಚ್ಚುತ್ತದೆ, ವರ್ಗಕ್ಕೆ ತಕ್ಕಂತೆ ಕೆಲವು ವರ್ಷ ಹೆಚ್ಚು. ಗಂಡ ತೀರಿಕೊಂಡವರಿಗೂ ಅಂಗವಿಕಲರಿಗೂ ರಾಜ್ಯದ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ 10 ವರ್ಷದ ಸಡಿಲಿಕೆಯಿದೆ; ಅದು ತಮಗಿದೆ ಎಂದು ತಿಳಿಯದೆ ಕೈಚೆಲ್ಲಿದವರು ಹಲವರು. ಸರ್ಕಾರ ಮೂರು ವರ್ಷಕ್ಕೊಮ್ಮೆ, ನಾಲ್ಕು ವರ್ಷಕ್ಕೊಮ್ಮೆ ಮನಬಂದಂತೆ ಅಧಿಸೂಚನೆ ಹೊರಡಿಸಿದರೆ ಇಪ್ಪತ್ತೈದರವರಿಗೆ ಬೇಸರವಾಗುತ್ತದೆ, ಮೂವತ್ತೊಂಬತ್ತರವರಿಗೆ ಅವಕಾಶವೇ ಹೋಗುತ್ತದೆ. ಈ ನಡುವೆ ಅವರನ್ನು ಅತಿಥಿ ಶಿಕ್ಷಕಿಯರೆಂದು ಕರೆದು ಅದೇ ತರಗತಿ, ಅದೇ ಮಕ್ಕಳನ್ನು ಒಪ್ಪಿಸಿ, ಕಾಯಂ ಸಂಬಳದ ಒಂದು ಚೂರನ್ನು ಗೌರವಧನವೆಂದು ಕೊಡುತ್ತೇವೆ. ಪಾಠ ಮಾಡಲು ಯೋಗ್ಯಳಾದವಳು ಅರ್ಜಿ ಹಾಕಲು ಮಾತ್ರ ವಯಸ್ಸು ಮೀರಿದವಳು. ಅತಿಥಿ ಶಿಕ್ಷಕಿಯಾಗಿ ದುಡಿದ ಪ್ರತಿ ವರ್ಷವನ್ನೂ ವಯಸ್ಸಿನಿಂದ ಕಳೆಯುವ ಆದೇಶವೊಂದನ್ನು ಈ ಮೂರು ತಾಲ್ಲೂಕುಗಳ ಶಾಸಕರು ಸದನದಲ್ಲಿ ಕೇಳಬೇಕು. ಪ್ರತಿ ವರ್ಷ ಗೊತ್ತಾದ ತಿಂಗಳಲ್ಲಿ, ಎಷ್ಟೇ ಕಡಿಮೆ ಹುದ್ದೆಯಿರಲಿ, ಕಲ್ಯಾಣ ಕರ್ನಾಟಕದ ಒಂದರಿಂದ ಐದರ ಅಧಿಸೂಚನೆ ಹೊರಡಬೇಕು ಎಂದೂ ಕೇಳಬೇಕು.